ಬೆಂಕಿ ಇಲ್ಲದ ಒಲೆ ತರುವ ಮುಂಚೆ

ತಂಗೀ,

ನಿನ್ನ ಮೆಸೇಜನ್ನು ನಾನು ಓದಿದ್ದು ಕಾಸರಗೋಡಿನ ನೀರ್ಚಾಲಿನ ಮನೆಯ ಜಗಲಿಯಲ್ಲಿ ಕೂತು. ಇಂಗ್ಲೆಂಡಿನಿಂದ ರಜೆಗೆ ಬಂದು ಎರಡು ವಾರ ಆಯಿತು. ಅಂಗಳದ ತುಂಬಾ ಅಡಿಕೆ ಹರಡಿದೆ. ನಿನ್ನೆ ಸಂಜೆ ನಿನ್ನ ಅಮ್ಮ ಬದಿಯಡ್ಕ ಪೇಟೆಗೆ ಹೋದವರು ವಾಪಸು ಬರುವಾಗ ಇಲ್ಲಿ ಇಳಿದರು. ನಾನು ಬಾಯಾರಿಕೆಗೆ ಕೇಳುವ ಮೊದಲೇ, "ಅವಳು ಚಾವಡಿಯಲ್ಲಿ ಒಲೆ ಇಡ್ತಾಳಂತೆ. ಮಗುವಿಗೆ ಇನ್ನೂ ಎರಡು ವರ್ಷ. ಬೆಂಕಿ ಬೇಡ ಅಂತ ನೀನಾದರೂ ಹೇಳು" ಅಂದರು. ಅದರಲ್ಲಿ ಬೆಂಕಿ ಇರುವುದಿಲ್ಲ, ಕರೆಂಟಿನ ಒಲೆ, ಬೆಂಕಿ ಉರಿದ ಹಾಗೆ ಕಾಣುತ್ತದೆ ಅಷ್ಟೇ ಅಂತ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಕಿ ಇಲ್ಲದ ಮೇಲೆ ಅದು ಎಂತದಕ್ಕೆ?" ಅಂತ ಕೇಳಿದರು.

ಒಳ್ಳೆಯ ಪ್ರಶ್ನೆ. ನೀನು ಕೇಳಿದ್ದು ಬೇರೆ. ಅಲ್ಲಿ ರೆಡಿಂಗ್ ಪಟ್ಟಣದ ನಿನ್ನ ಬಾಡಿಗೆ ಮನೆಗೆ ಯಾವ ಎಲೆಕ್ಟ್ರಿಕ್ ಫೈರ್‌ಪ್ಲೇಸ್ ತಗೊಳ್ಳಲಿ, ಇಡೀ ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ ಆಫ್ ಮಾಡಿ ಇದೊಂದನ್ನೇ ಹಾಕಿದರೆ ಗ್ಯಾಸ್ ಬಿಲ್ ಉಳಿಯುತ್ತಾ, ಮನೆ ಬಾಡಿಗೆಗೆ ಕೊಟ್ಟ ಯಜಮಾನ ಒಪ್ಪುತ್ತಾನಾ, ನಿಜವಾದ ಸೌದೆ ಒಲೆಯೇ ಯಾಕೆ ಆಗಬಾರದು, ಇಷ್ಟು. ಆದರೆ ಎಂತದಕ್ಕೆ ಅನ್ನುವುದು ಗೊತ್ತಾದರೆ ಯಾವುದು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲು ದುಡ್ಡಿನ ಮಾತು. ಇಂಥ ಒಲೆಗಳು ಅಲ್ಲಿ ಸಾಮಾನ್ಯವಾಗಿ 2 ಕಿಲೋವ್ಯಾಟಿನವು. ಅಂದರೆ ಗಂಟೆಗೆ 2 ಯೂನಿಟ್. ಅಲ್ಲಿ ಕರೆಂಟು ಯೂನಿಟ್‌ಗೆ ಸುಮಾರು 25 ಪೆನ್ಸ್ ಅಂತ ಇಟ್ಟುಕೋ. ಗಂಟೆಗೆ ಅರ್ಧ ಪೌಂಡ್ ಆಯಿತು. ದಿನಕ್ಕೆ ನಾಲ್ಕು ಗಂಟೆ ಹಾಕಿದರೆ 2 ಪೌಂಡ್, ತಿಂಗಳಿಗೆ 60 ಪೌಂಡ್. ಇದು ಒಂದು ಕೋಣೆಗೆ ಮಾತ್ರ. ಗ್ಯಾಸು ಯೂನಿಟ್‌ಗೆ ಅದರ ಕಾಲು ಭಾಗದಷ್ಟೇ ಆಗುತ್ತದೆ. ಬಾಯ್ಲರಿನಲ್ಲಿ ಸ್ವಲ್ಪ ನಷ್ಟ ಆಗುವುದನ್ನು ಲೆಕ್ಕ ಹಾಕಿದರೂ ಅಷ್ಟೇ ಬಿಸಿಗೆ ಕರೆಂಟಿಗೆ ಮೂರೂವರೆ ಪಟ್ಟು ಜಾಸ್ತಿ ಕೊಡಬೇಕು. ಹಾಗಾಗಿ ಬಾಯ್ಲರ್ ಆಫ್ ಮಾಡಿ ಇದನ್ನು ಉರಿಸುವ ಯೋಚನೆ ಬಿಟ್ಟುಬಿಡು. ರಾತ್ರಿ ಎಲ್ಲರೂ ಮಲಗಿದ ಮೇಲೆ ನೀನೊಬ್ಬಳೇ ಒಂದು ಗಂಟೆ ಕೂತು ಓದುವುದಾದರೆ, ಇಡೀ ಮನೆ ಬಿಸಿ ಮಾಡುವ ಬದಲು ಇದನ್ನು ಹಾಕಬಹುದು. ಲೆಕ್ಕ ಸರಿಹೊಂದುವುದು ಅಷ್ಟಕ್ಕೆ ಮಾತ್ರ.

ಇನ್ನೊಂದು ವಿಷಯ ಅಂಗಡಿಯವರು ಹೇಳುವುದಿಲ್ಲ. 20 ಪೌಂಡಿನ ಫ್ಯಾನ್ ಹೀಟರೂ 2 ಕಿಲೋವ್ಯಾಟ್, 900 ಪೌಂಡಿನ ಒಲೆಯೂ 2 ಕಿಲೋವ್ಯಾಟ್ ಆದರೆ ಎರಡೂ ಕೊಡುವ ಬಿಸಿ ಒಂದೇ. ಕರೆಂಟು ತಂತಿಯಲ್ಲಿ ಹರಿದು ಬಿಸಿಯಾಗುವುದರಲ್ಲಿ ದುಬಾರಿ ತಂತಿ, ಅಗ್ಗದ ತಂತಿ ಅಂತ ಇಲ್ಲ. ಜಾಸ್ತಿ ದುಡ್ಡು ಹೋಗುವುದು ಜ್ವಾಲೆಯ ಚಂದಕ್ಕೆ, ಚೌಕಟ್ಟಿಗೆ, ರಿಮೋಟಿಗೆ.

ಹಾಗಾದರೆ ಮನೆ ಯಾಕೆ ತಣ್ಣಗಿದೆ ಅಂತ ಮೊದಲು ನೋಡು. ಬಾಯ್ಲರಿನ ಬಿಸಿನೀರು ಹರಿದು ಕೋಣೆ ಬಿಸಿ ಮಾಡುವ ರೇಡಿಯೇಟರ್‌ನ ಕೆಳಗೆ ಬಿಸಿ, ಮೇಲೆ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ. ಒಂದು ಪೌಂಡಿಗೆ ಆ ಗಾಳಿ ಬಿಡುವ ಸಣ್ಣ ಕೀಲಿ ಸಿಗುತ್ತದೆ. ಬಾಯ್ಲರ್ ಆಫ್ ಮಾಡಿ, ಬಟ್ಟೆ ಹಿಡಿದುಕೊಂಡು ಮೆಲ್ಲ ತಿರುಗಿಸು. ಉಸ್ ಅಂತ ಗಾಳಿ ಹೋಗಿ ನೀರು ಬರುವಾಗ ಮುಚ್ಚು. ಆಮೇಲೆ ಬಾಯ್ಲರಿನಲ್ಲಿ ನೀರಿನ ಒತ್ತಡ ತೋರಿಸುವ ಮುಳ್ಳು 1ಕ್ಕೂ ಒಂದೂವರೆಗೂ ನಡುವೆ ಇದೆಯಾ ನೋಡು, ಇಲ್ಲದಿದ್ದರೆ ಯಜಮಾನನಿಗೆ ತಿಳಿಸು. ನೀನು ಕಳಿಸಿದ ಫೋಟೋದಲ್ಲಿ ಸೋಫಾ ರೇಡಿಯೇಟರಿಗೆ ಒತ್ತಿ ನಿಂತಿದೆ, ಪರದೆ ಅದರ ಮೇಲೆ ಇಳಿದಿದೆ. ಬರುವ ಬಿಸಿಯೆಲ್ಲ ಸೋಫಾದ ಬೆನ್ನಿಗೆ, ಕಿಟಕಿಗೆ ಹೋಗುತ್ತಿದೆ. ಸೋಫಾವನ್ನು ಒಂದು ಮೊಳ ಈಚೆಗೆ ಎಳೆ. ಪರದೆಯನ್ನು ಕಿಟಕಿ ಹಲಗೆಯ ಮೇಲೆ ಸಿಕ್ಕಿಸು.

ಮತ್ತೆ ಕುಚ್ಚಲಕ್ಕಿ. ನಾವು ಊರಿಂದ ಹೋದವರು ಅದನ್ನು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಮುಕ್ಕಾಲು ಗಂಟೆ ತೆರೆದ ಪಾತ್ರೆಯಲ್ಲಿ ಕುದಿಸಿದಾಗ ಆ ಹಬೆಯೆಲ್ಲ ಎಲ್ಲಿಗೆ ಹೋಗುತ್ತದೆ? ಇಲ್ಲಿ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಅಲ್ಲಿ ನೇರ ತಣ್ಣನೆಯ ಕಿಟಕಿ ಗಾಜಿಗೆ ಹೋಗಿ ನೀರಾಗಿ ಇಳಿಯುತ್ತದೆ. ನಾನು ಹೋದ ಮೊದಲ ಚಳಿಗಾಲ ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿ ಹಲಗೆಯಲ್ಲಿ ಒಂದು ಬೆರಳಿನಷ್ಟು ನೀರು ನಿಂತಿತ್ತು. ಫೆಬ್ರವರಿ ಬರುವಷ್ಟರಲ್ಲಿ ಮೂಲೆಯಲ್ಲಿ ಕಪ್ಪು ಬೂಷ್ಟು. ಒದ್ದೆ ಗೋಡೆಯ ಮನೆಯನ್ನು ಯಾವ ಒಲೆಯೂ ಬೆಚ್ಚಗೆ ಮಾಡುವುದಿಲ್ಲ. ಪಾತ್ರೆಗೆ ಮುಚ್ಚಳ ಹಾಕು, ಎಕ್ಸಾಸ್ಟ್ ಫ್ಯಾನ್ ಹಾಕು, ಅಡುಗೆಮನೆ ಬಾಗಿಲು ಮುಚ್ಚು. ಬಟ್ಟೆಯನ್ನು ಹಾಲ್‌ನಲ್ಲಿ ಒಣಗಿಸಬೇಡ.

ಇಷ್ಟು ಮಾಡಿದರೆ ಮನೆ ಈಗಿಗಿಂತ ಬೆಚ್ಚಗಾಗುತ್ತದೆ. ಆಮೇಲೂ ನಿನಗೆ ಆ ಒಲೆ ಬೇಕು ಅನ್ನಿಸುತ್ತದೆ ಅಂತ ನನಗೆ ಗೊತ್ತು. ತಗೋ ಅಂತಲೇ ನಾನೂ ಹೇಳುವುದು.

ಯಾಕೆಂದರೆ ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಚಳಿಯನ್ನು ಸ್ವೆಟರ್ ತಡೆಯುತ್ತದೆ. ಆ ಕತ್ತಲೆಯನ್ನು ಏನೂ ತಡೆಯುವುದಿಲ್ಲ. ನಾನು 2008ರ ಅಕ್ಟೋಬರ್‌ನಲ್ಲಿ ಹೋದಾಗ ಇದನ್ನು ಯಾರೂ ಹೇಳಿರಲಿಲ್ಲ. ಗಂಡ ಕೆಲಸದಿಂದ ಬರುವುದು ಆರೂವರೆಗೆ. ಎರಡೂವರೆ ಗಂಟೆ ಕತ್ತಲು ಕಿಟಕಿ ನೋಡುತ್ತಾ ಕೂತರೆ ಎದೆಯೊಳಗೆ ಏನೋ ಕೂತ ಹಾಗೆ ಆಗುತ್ತಿತ್ತು. ಆಗ ನೆನಪಾಗುತ್ತಿದ್ದದ್ದು ಈ ಮನೆಯ ಬಚ್ಚಲು ಒಲೆ. ಆಟಿ ತಿಂಗಳ ಮಳೆಯಲ್ಲಿ ನಾವು ಮಕ್ಕಳೆಲ್ಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ಹಂಡೆಯ ಅಡಿಗೆ ಒಣಗಿದ ಅಡಿಕೆ ಸಿಪ್ಪೆ ತುಂಬಿದರೆ ಮೊದಲು ಹೊಗೆ, ಆಮೇಲೆ ಸಿಪ್ಪೆಯ ನಾರು ಒಂದೊಂದೇ ಕೆಂಪಾಗಿ ಸುರುಟಿಕೊಳ್ಳುವುದು ಕಾಣುತ್ತಿತ್ತು. ತೆಂಗಿನ ಗೆರಟೆ ಹಾಕಿದರೆ ನೀಲಿ ಅಂಚಿನ ಜ್ವಾಲೆ. ಬಟ್ಟೆ ಅರೆ ಒಣಗಿದ ವಾಸನೆ, ಹಲಸಿನ ಬೀಜ ಸುಟ್ಟ ವಾಸನೆ. ಯಾರೂ ಯಾರನ್ನೂ ಕರೆಯದಿದ್ದರೂ ಮನೆಯವರೆಲ್ಲ ಅಲ್ಲಿ ಸೇರುತ್ತಿದ್ದೆವು. ನಿನ್ನ ಅಮ್ಮನಿಗೆ ನಾನು ಕೊಟ್ಟ ಉತ್ತರವೂ ಇದೇ. ಅದು ಚಳಿ ಕಾಯಿಸಲಿಕ್ಕಲ್ಲ, ಎಲ್ಲರೂ ಒಂದು ಕಡೆ ಮುಖ ಮಾಡಿ ಕೂರಲಿಕ್ಕೆ ಅಂದೆ. ಅವರು "ಹಾಗಾದರೆ ಆಗಬಹುದು" ಅಂದರು.

ಜ್ವಾಲೆ ಮಾತ್ರ ಹಾಕಿ ಹೀಟರ್ ಹಾಕದಿದ್ದರೆ ಎಲ್‌ಇಡಿ ದೀಪದ ಖರ್ಚು ಅಷ್ಟೇ, ಸಾಧಾರಣ 10ರಿಂದ 20 ವ್ಯಾಟ್. ಹತ್ತು ಗಂಟೆ ಉರಿಸಿದರೂ ಐದು ಪೆನ್ಸ್ ದಾಟುವುದಿಲ್ಲ. ಆದ್ದರಿಂದ ಜ್ವಾಲೆಗೂ ಹೀಟರಿಗೂ ಬೇರೆ ಬೇರೆ ಸ್ವಿಚ್ ಇರಲೇಬೇಕು. ನೀನು ಮೊದಲು ನೋಡಬೇಕಾದ್ದು ಅದನ್ನೇ. 2018ರಿಂದ ಅಲ್ಲಿ ಮಾರುವ ಹೊಸ ಮಾಡೆಲ್‌ಗಳಲ್ಲಿ ಥರ್ಮೋಸ್ಟಾಟ್, ಟೈಮರ್ ಥರದ್ದೆಲ್ಲ ನಿಯಮದ ಪ್ರಕಾರವೇ ಬರುತ್ತದೆ.

ಜ್ವಾಲೆ ಹೇಗೆ ಮಾಡುತ್ತಾರೆ ಗೊತ್ತಾ? ಮಾಮೂಲಿ ಮಾಡೆಲಿನಲ್ಲಿ ಒಂದು ಸಣ್ಣ ಸರಳು ಮೆಲ್ಲಗೆ ತಿರುಗುತ್ತದೆ. ಅದಕ್ಕೆ ಹೊಳೆಯುವ ತಗಡಿನ ಚೂರುಗಳು ಅಂಟಿರುತ್ತವೆ. ಕೆಳಗಿನ ದೀಪದ ಬೆಳಕು ಅದಕ್ಕೆ ತಾಗಿ ಹಿಂದಿನ ಪರದೆಯಲ್ಲಿ ಅಲುಗಾಡುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲಿ ಐದು ನಿಮಿಷ ನಿಂತು ನೋಡು. ಅಗ್ಗದ್ದರಲ್ಲಿ ಒಂದೇ ಆಕಾರ ಮತ್ತೆ ಮತ್ತೆ ಬರುತ್ತದೆ, ಒಂದು ವಾರದಲ್ಲಿ ಕಣ್ಣಿಗೆ ಬೇಸರ. ಇನ್ನೊಂದು ಜಾತಿ ನೀರಿನದು. ಒಳಗೆ ಒಂದು ಬಿಲ್ಲೆ ಅತಿ ವೇಗದಲ್ಲಿ ನಡುಗಿ ನೀರನ್ನು ಮಂಜು ಮಾಡುತ್ತದೆ, ಆ ಮಂಜಿಗೆ ಕಿತ್ತಳೆ ಬೆಳಕು ಬಿದ್ದು ನಿಜವಾದ ಹೊಗೆ, ಬೆಂಕಿಯ ಹಾಗೆ ಏಳುತ್ತದೆ. ಡಿಂಪ್ಲೆಕ್ಸ್‌ನ ಆಪ್ಟಿಮಿಸ್ಟ್ ಈ ಥರದ್ದು. ಎಷ್ಟು ಚಂದ ಅಂದರೆ ಕೈ ಚಾಚಬೇಕು ಅನ್ನಿಸುತ್ತದೆ. ಆದರೂ ರೆಡಿಂಗ್‌ಗೆ ಬೇಡ ಅಂತ ಹೇಳುತ್ತೇನೆ. ಅಲ್ಲಿನ ನೀರು ಸುಣ್ಣದ ಕಲ್ಲಿನಿಂದ ಬರುವ ಗಡಸು ನೀರು. ನಿನ್ನ ಕೆಟಲಿನ ಒಳಗೆ ಈಗಾಗಲೇ ಬಿಳಿ ಪೊರೆ ಕಟ್ಟಿರಬೇಕು, ನೋಡು. ಅದೇ ಪೊರೆ ಆ ಬಿಲ್ಲೆಗೂ ಕಟ್ಟುತ್ತದೆ. ಸೋಸಿದ ನೀರು ತುಂಬುವುದು, ತೊಳೆಯುವುದು, ಸಣ್ಣ ಮಗು ಇರುವ ಮನೆಯಲ್ಲಿ ಅದೊಂದು ಹೆಚ್ಚಿನ ಕೆಲಸ.

ಅಂಗಡಿಯಲ್ಲೇ ಹೀಟರ್ ಹಾಕಿಸಿ ಫ್ಯಾನಿನ ಸದ್ದನ್ನೂ ಕೇಳು. ಆನ್‌ಲೈನ್‌ನಲ್ಲಿ ತಗೊಂಡರೆ ಕೈಗೆ ಬಂದು 14 ದಿನದ ಒಳಗೆ ಬೇಡ ಅಂತ ತಿಳಿಸುವ ಹಕ್ಕು ನಿನಗಿದೆ, ಪೆಟ್ಟಿಗೆ ಬಿಸಾಡಬೇಡ.

ಸೌದೆ ಒಲೆಯ ವಿಷಯ. 1952ರ ಡಿಸೆಂಬರಿನಲ್ಲಿ ಲಂಡನ್‌ನಲ್ಲಿ ಕಲ್ಲಿದ್ದಲ ಹೊಗೆ ಮಂಜಿನ ಜೊತೆ ಸೇರಿ ಐದು ದಿನ ಕವಿದು ಸಾವಿರಾರು ಜನ ಸತ್ತರು. ಅದರಿಂದ 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು. ನಮಗೆ 1956 ಅಂದರೆ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ, ಅವರಿಗೆ ಮನೆಯ ಹೊಗೆಗೆ ಮಿತಿ ಬಂದ ವರ್ಷ. ಈಗಲೂ ಪಟ್ಟಣಗಳ ಎಷ್ಟೋ ಭಾಗಗಳಲ್ಲಿ ತೆರೆದ ಒಲೆಗೆ ಸೌದೆ ಹಾಕುವ ಹಾಗಿಲ್ಲ. ಬಾಡಿಗೆ ಮನೆಯಲ್ಲಂತೂ ಆ ಮಾತೇ ಬೇಡ.

ಗೋಡೆಗೆ ನೇತುಹಾಕುವ ಮಾಡೆಲಿಗೆ ತೂತು ಕೊರೆಯಬೇಕು. ಯಜಮಾನನ ಒಪ್ಪಿಗೆ ಇಮೇಲಿನಲ್ಲಿ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯಬೇಡ. ಇಂಗ್ಲೆಂಡಿನಲ್ಲಿ ನಿಮ್ಮಂಥವರಿಂದ ಐದು ವಾರದ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ತಗೊಳ್ಳುವ ಹಾಗಿಲ್ಲ, ಆದರೆ ಆ ಐದು ವಾರದ ದುಡ್ಡೂ ಸಣ್ಣದಲ್ಲ ಅಲ್ವಾ. ನಿನ್ನ ಮನೆ ಹಳೆಯ ಕೆಂಪು ಇಟ್ಟಿಗೆಯದು, ಹಾಲ್‌ನಲ್ಲಿ ಹಳೆಯ ಒಲೆಯ ಗೂಡು ಉಂಟು. ಅದರ ಒಳಗೆ ಕೂರುವ ಮಾಡೆಲ್ ಸಿಗುತ್ತದೆ. ಗೂಡಿನ ಮಾಮೂಲಿ ಅಳತೆ 16 ಇಂಚು ಅಗಲ, 22 ಇಂಚು ಎತ್ತರ. ಆದರೂ ಅಳೆಯದೆ ತರಬೇಡ, ಆಳವನ್ನೂ ನೋಡು. ಗೂಡಿನಲ್ಲಿ ಸಣ್ಣ ಜಾಲರಿ ಇದ್ದರೆ ಗಾಳಿ ಬರುತ್ತದೆ ಅಂತ ಅದನ್ನು ಪೂರ್ತಿ ಮುಚ್ಚಬೇಡ. ಗಾಳಿ ಆಡದಿದ್ದರೆ ಚಿಮಣಿ ಒಳಗೆ ತೇವ ಹಿಡಿಯುತ್ತದೆ. ಗೂಡಿಗೆ ಹೊಂದದಿದ್ದರೆ ನೆಲದಲ್ಲಿ ನಿಲ್ಲುವ ಸಣ್ಣ ಒಲೆ ತಗೋ. ಮನೆ ಬದಲಿಸುವಾಗ ಅದು ನಿನ್ನ ಜೊತೆಗೇ ಬರುತ್ತದೆ.

ಇನ್ನು ನನಗಾದದ್ದು. ಎರಡನೇ ಚಳಿಗಾಲ, ಗೋಡೆಯ ಪ್ಲಗ್ ದೂರ ಇತ್ತು ಅಂತ ಸುರುಳಿ ಸುತ್ತಿದ ಎಕ್ಸ್‌ಟೆನ್ಶನ್ ವಯರಿಗೆ 2 ಕಿಲೋವ್ಯಾಟಿನ ಹೀಟರ್ ಸಿಕ್ಕಿಸಿದೆ. ವಯರನ್ನು ಪೂರ್ತಿ ಬಿಚ್ಚಲಿಲ್ಲ. ಒಂದು ಗಂಟೆ ಕಳೆದ ಮೇಲೆ ಹಾಲ್‌ನಲ್ಲಿ ಮೀನಿನ ವಾಸನೆ. ನಮ್ಮ ಮನೆಗೆ ಮೀನು ತರುವುದಿಲ್ಲ. ಪಕ್ಕದ ಮನೆಯದು ಅಂದುಕೊಂಡು ಸುಮ್ನೆ ಕೂತೆ. ಆಮೇಲೆ ಪ್ಲಗ್ ಮುಟ್ಟಿದರೆ ಬೆರಳು ಸುಟ್ಟಿತು. ಬಿಳಿ ಪ್ಲಗ್‌ನ ಒಂದು ಕಡ್ಡಿಯ ಸುತ್ತ ಕಂದು ಬಣ್ಣ, ವಯರಿನ ಸುರುಳಿ ಬಿಸಿನೀರಿನ ಚೀಲದ ಹಾಗೆ ಮೆತ್ತಗಾಗಿತ್ತು. ಪ್ಲಗ್‌ಗಳ ಪ್ಲಾಸ್ಟಿಕ್ಕು ಸುಡುವಾಗ ಮೀನಿನ ವಾಸನೆ ಬರುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತು. ನೀನು ಇದನ್ನು ಮರೆಯಬೇಡ. 2 ಕಿಲೋವ್ಯಾಟ್ ಅಂದರೆ ಸುಮಾರು 9 ಆಂಪ್ಸ್. ಹೀಟರ್ ಇರುವುದನ್ನು ನೇರ ಗೋಡೆಗೇ ಸಿಕ್ಕಿಸು. ಅಲ್ಲಿನ ಪ್ಲಗ್ ಒಳಗೆ ಫ್ಯೂಸ್ ಇರುತ್ತದೆ, ಇದಕ್ಕೆ 13 ಆಂಪ್ಸಿನದೇ ಇರಬೇಕು.

ಮಗುವಿನ ಮಾತು ಕೊನೆಗೆ ಇಟ್ಟೆ, ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ಗಾಜು ಅಷ್ಟೇನೂ ಸುಡುವುದಿಲ್ಲ. ಬಿಸಿಗಾಳಿ ಬರುವ ಜಾಲರಿ ಸುಡುತ್ತದೆ. ಅದು ಕೆಳಗಿದ್ದರೆ ಎರಡು ವರ್ಷದ ಮಗುವಿನ ಕೈಗೆ ಸರಿಯಾಗಿ ಸಿಗುತ್ತದೆ. ಜಾಲರಿ ಮೇಲಿರುವ ಮಾಡೆಲ್ ತಗೋ, ಅದರ ಮೇಲೆ ಟಿವಿ ಇಡಬೇಡ, ಬಟ್ಟೆ ಒಣಹಾಕಬೇಡ, ಪರದೆ ಒಂದು ಮೀಟರ್ ದೂರ ಇರಲಿ. ರಿಮೋಟನ್ನೂ ನೋಡು. ಹಲವು ರಿಮೋಟ್‌ಗಳಲ್ಲಿ ನಾಣ್ಯದಂಥ ಸಣ್ಣ ಬ್ಯಾಟರಿ ಇರುತ್ತದೆ. ಮಗು ನುಂಗಿದರೆ ಗಂಟಲು, ಹೊಟ್ಟೆಯ ದಾರಿಯನ್ನೇ ಸುಡುತ್ತದೆ, ಜೀವಕ್ಕೇ ಅಪಾಯ. ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಅದಿಲ್ಲದ ಮಾಡೆಲ್ ಬೇಡವೇ ಬೇಡ.

ಜನವರಿ ಮೊದಲ ವಾರ ನಾನು ವಾಪಸು ಬರುತ್ತೇನೆ. ನಿನ್ನ ಅಮ್ಮ ಹಲಸಿನ ಹಪ್ಪಳದ ಕಟ್ಟು ಕೊಟ್ಟಿದ್ದಾರೆ, ಹುಡಿಯಾಗದ ಹಾಗೆ ಬಟ್ಟೆಯ ನಡುವೆ ಇಟ್ಟಿದ್ದೇನೆ. ಬಂದ ಶನಿವಾರವೇ ಟೇಪು ಹಿಡಿದುಕೊಂಡು ನಿಮ್ಮಲ್ಲಿಗೆ ಬರುತ್ತೇನೆ, ಗೂಡು ಅಳೆದು ಒಟ್ಟಿಗೇ ಅಂಗಡಿಗೆ ಹೋಗೋಣ. ಅಲ್ಲಿವರೆಗೆ ಏನೂ ಆರ್ಡರ್ ಮಾಡಬೇಡ. ಸೋಫಾ ಮಾತ್ರ ಇವತ್ತೇ ಎಳೆ.