ವಹಿಯ ಯಾವ ಕಡೆ ಬರೆಯಲಿ?

‘ದೇವರ ಚಿತ್ತ’ ಅನ್ನುವ ಮಾತು ನಾನು ಆಪ್ತಸಲಹೆ ಕೊಡುವ ಕೋಣೆಯಲ್ಲಿ ತಿಂಗಳಿಗೆ ಎರಡು ಸಲವಾದರೂ ಕಿವಿಗೆ ಬೀಳುತ್ತದೆ. ಮದುವೆ ಮುರಿದಾಗ, ಸಾಲ ಮೈಮೇಲೆ ಬಂದಾಗ. ಹೇಳುವವರು ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಕ್ರೈಸ್ತರು. ನಾನೂ ಅದೇ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಬೆಳೆದವಳು. ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಪ್ರಕರಣ ಬರೆಯುತ್ತಿದ್ದೇನೆ.

ಅವರಿಗೆ ನಲವತ್ತರ ಆಸುಪಾಸು. ಹುಬ್ಬಳ್ಳಿ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ತಂದೆಗೆ ಸಕ್ಕರೆ ಕಾಯಿಲೆ, ಕಾಲ್ಬೆರಳಲ್ಲಿ ಹುಣ್ಣು. ಇವರು ಒಂದು ಉಪವಾಸ ಪ್ರಾರ್ಥನೆ ಮುಗಿಸಿ ಬಂದವರೇ ತಂದೆಯ ಇನ್ಸುಲಿನ್, ಡ್ರೆಸ್ಸಿಂಗ್ ಎರಡನ್ನೂ ನಿಲ್ಲಿಸಿದರು. ಗುಣ ಮಾಡುವವನು ದೇವರು, ನಡುವೆ ಸೂಜಿ ಯಾಕೆ ಅಂತ. ಕೆಲವೇ ವಾರಗಳಲ್ಲಿ ಕಾಲು ಕಪ್ಪಾಯಿತು. ಮೊಣಕಾಲ ಕೆಳಗೆ ತೆಗೆದರು. ಸಭೆಯ ಹಿರಿಯರು ದೇವರ ಚಿತ್ತ ಅಂದರು. ತಮ್ಮ, ‘ಅಪ್ಪನ ಕಾಲ ತಿಂದಾಂವ ನೀನ’ ಅಂದ. ಇಬ್ಬರಲ್ಲಿ ಯಾರು ಸರಿ ಅಂತ ಕೇಳಲು ನನ್ನ ಹತ್ತಿರ ಬಂದಿದ್ದರು.

ಎರಡು ಭೇಟಿ ಸುಮ್ನೆ ಹೋದವು. ಮೂರನೇ ಸಲ ಅಂಗಡಿಯ ಲೆಕ್ಕ ಬರೆಯುವ ಉದ್ದನೆಯ ಕೆಂಪು ವಹಿಯೊಂದನ್ನು ತಂದರು. ಜಮಾ ಕಡೆ, ದೇವರೇ ಎಲ್ಲ ನಡೆಸುತ್ತಾನೆ ಅನ್ನುವ ಬೈಬಲ್ ವಚನಗಳು: ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದ ಕುಂಬಾರ ಮತ್ತು ಮಣ್ಣು. ಖರ್ಚಿನ ಕಡೆ, ಮನುಷ್ಯ ತಾನೇ ಆರಿಸಿಕೊಳ್ಳಬೇಕು ಅನ್ನುವವು: ಧರ್ಮೋಪದೇಶಕಾಂಡ 30, ಯೆಹೋಶುವ 24. ಎಲ್ಲ ದೇವರ ನಿರ್ಣಯ ಅಂದ ಕ್ಯಾಲ್ವಿನ್, ಮನುಷ್ಯನ ಆಯ್ಕೆಗೂ ಜಾಗ ಇದೆ ಅಂದ ಅರ್ಮಿನಿಯಸ್, ಈ ಇಬ್ಬರು ಕ್ರೈಸ್ತ ಪಂಡಿತರ ಬಗ್ಗೆ ಯೂಟ್ಯೂಬಿನಲ್ಲಿ ರಾತ್ರಿಯೆಲ್ಲ ನೋಡಿದ್ದರಂತೆ.

“ಲೆಕ್ಕ ತಾಳೆ ಆಗವಲ್ತ್ರಿ ಅಕ್ಕಾರ. ಎಲ್ಲಾ ದೇವ್ರ ಮಾಡ್ಯಾನ ಅಂದ್ರ ನಂದೇನೂ ಇಲ್ಲ. ಎಲ್ಲಾ ನಂದ ಅಂದ್ರ ದೇವ್ರು ಅಲ್ಲಿ ಇರಲಿಲ್ಲ.”

1618-19ರಲ್ಲಿ ಹಾಲೆಂಡಿನ ಡೋರ್ಟ್ ಊರಲ್ಲಿ ಪಂಡಿತರು ತಿಂಗಳುಗಟ್ಟಲೆ ಕೂತು ಅರ್ಮಿನಿಯಸ್ ಕಡೆಯವರದು ತಪ್ಪು ಅಂತ ತೀರ್ಪು ಕೊಟ್ಟರು. ಆಮೇಲೆ ನೂರು ವರ್ಷ ದಾಟಿದರೂ ವೆಸ್ಲಿ, ವಿಟ್‌ಫೀಲ್ಡ್ ಅನ್ನುವ ಕ್ರೈಸ್ತ ಬೋಧಕ ಗೆಳೆಯರಿಬ್ಬರು ಅದೇ ಮಾತಿಗೆ ಮುನಿಸಿಕೊಂಡರು. ನಾನು ತೀರಿಸುವ ವ್ಯಾಜ್ಯ ಅಲ್ಲ ಅದು.

ಎರಡೂ ಕಡೆ ಇಲ್ಲದ ಒಂದು ಅಧ್ಯಾಯ ಓದಿಸಿದೆ, ಅಪೊಸ್ತಲರ ಕೃತ್ಯಗಳು 27. ಬಿರುಗಾಳಿಗೆ ಸಿಕ್ಕ ಹಡಗು, ಒಳಗೆ 276 ಜನ. ಯಾರ ಪ್ರಾಣವೂ ಹೋಗುವುದಿಲ್ಲ, ದೇವರೇ ತಿಳಿಸಿದ್ದಾನೆ ಅನ್ನುತ್ತಾನೆ ಅದರಲ್ಲಿದ್ದ, ಯೇಸುವಿನ ಸಂದೇಶ ಸಾರುವ ಪೌಲ. ಆಮೇಲೆ ನಾವಿಕರು ಚಿಕ್ಕ ದೋಣಿ ಇಳಿಸಿ ಓಡಿಹೋಗಲು ನೋಡುತ್ತಾರೆ. ಆಗ ಅದೇ ಪೌಲ, ಇವರು ಹಡಗಿನಲ್ಲೇ ನಿಲ್ಲದಿದ್ದರೆ ನೀವು ಉಳಿಯುವುದಿಲ್ಲ ಅನ್ನುತ್ತಾನೆ. ಸಿಪಾಯಿಗಳು ದೋಣಿಯ ಹಗ್ಗ ಕಡಿದು ಹಾಕುತ್ತಾರೆ.

“ಇದನ್ನ ಯಾವ ಕಡೆ ಬರೀತೀರಿ?” ಅಂದೆ.

ಪೆನ್ನು ಎರಡೂ ಕಡೆ ಹೋಗಿ ಬಂತು. ಆಮೇಲೆ ಅದರ ಮುಚ್ಚಳ ಹಾಕಿದರು. ತುಂಬ ಹೊತ್ತಿನ ಮೇಲೆ, “ಅಪ್ಪನ ಎಡಗಾಲಿನ ಚಪ್ಪಲಿ ಇನ್ನೂ ಬಾಗಲದಾಗ ಐತ್ರಿ. ದಿನಾ ದಾಟಿ ಹೋಗತೀನಿ,” ಅಂದರು. ಮತ್ತೆ ಸ್ವಲ್ಪ ಹೊತ್ತಿಗೆ: “ಸೂಜಿ ಬಂದ್ ಮಾಡಿದಾಂವ ನಾನರೀ.”

ನನ್ನ ಸಲಹೆ ಎರಡೇ. ಈ ಕೊನೆಯ ಮಾತನ್ನು ತಂದೆಗೆ ಹೇಳಿ, ಅದರೊಳಗೆ ದೇವರನ್ನು ತರಬೇಡಿ. ಇನ್ನು ಇನ್ಸುಲಿನ್, ಡ್ರೆಸ್ಸಿಂಗ್ ಡಾಕ್ಟರು ಹೇಳಿದ ಹೊತ್ತಿಗೆ ನಿಮ್ಮ ಕೈಯಿಂದಲೇ ಆಗಲಿ, ಪ್ರಾರ್ಥನೆ ಅದರ ಜೊತೆಗೆ ನಡೆಯಲಿ.

ಗೆಳತಿಯೊಬ್ಬಳು ಬೈದಳು. ಆ ಮನುಷ್ಯನಿಗಿದ್ದ ಒಂದೇ ಸಮಾಧಾನ ಕಿತ್ತುಕೊಂಡೆ ಅಂತ. ನಾನು ಒಪ್ಪಲಿಲ್ಲ. ನಿನ್ನದೇನೂ ತಪ್ಪಿಲ್ಲ ಅಂತ ಎಲ್ಲರೂ ಹೇಳಿಬಿಟ್ಟರೆ ಅವರು ಕ್ಷಮೆ ಕೇಳುವುದಾದರೂ ಯಾತಕ್ಕೆ? ಹಾಗಂತ ತಮ್ಮನ ಮಾತೂ ಸರಿಯಲ್ಲ. ಹುಣ್ಣು ಮೊದಲೇ ಇತ್ತು, ಕಾಲು ಉಳಿಯುತ್ತಿತ್ತು ಅಂತ ಡಾಕ್ಟರೂ ಖಾತ್ರಿ ಕೊಟ್ಟಿರಲಿಲ್ಲ. ಕೈ ಮೀರಿದ ದುಃಖದಲ್ಲಿ ಇರುವವರಿಗೆ ‘ದೇವರ ಚಿತ್ತ’ ಆಸರೆ ಆಗುತ್ತದೆ, ಅವರ ಹತ್ತಿರ ನಾನು ವಾದ ಮಾಡುವುದಿಲ್ಲ. ಆದರೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬರುವ ಎಷ್ಟೋ ಮೊದಲೇ ನಮ್ಮ ಕಡೆ ‘ಹಣೆಬರಹ’ ಇತ್ತು. ಅದೇ ಹೆಸರು ಬದಲಿಸಿಕೊಂಡು ಸಭೆಯೊಳಗೆ ಬಂದು ಕೂತಿದೆಯೇನೋ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ತಂದೆಗೆ ಹೇಳಿದರಂತೆ. ಮುದುಕರು ಗೋಡೆ ಕಡೆ ನೋಡುತ್ತ, “ಚುಚ್ಚಿಸಿಕೊಳ್ಳೂದು ನನಗೂ ಬ್ಯಾಡಾಗಿತ್ತಲೇ. ನೀ ಬಿಟ್ಟಿ, ನಾ ಸುಮ್ನಾದೆ,” ಅಂದರಂತೆ. ಆಮೇಲೆ, ಆ ಚಪ್ಪಲಿ ಒಳಗ ತಗದಿಡು ಅಂತ ಹೇಳಿದರಂತೆ.