ಅಪ್ಪ ಸೈನ್ಯದಿಂದ ನಿವೃತ್ತರಾದಾಗ ಕೊಟ್ಟ ಡಿಸ್ಚಾರ್ಜ್ ಬುಕ್‌ನಲ್ಲಿ ಅವ್ವನ ಹೆಸರು ತಪ್ಪಾಗಿದೆ. ಗದಗದಲ್ಲೇ ಸರಿ ಮಾಡಿಸಬಹುದೇ?

ಇಲ್ಲ. ತಿದ್ದುವ ಅಧಿಕಾರ ಇರುವುದು ನಿಮ್ಮ ತಂದೆಯವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಮಾತ್ರ. ಮರಾಠಾ ಲೈಟ್ ಇನ್‌ಫೆಂಟ್ರಿ ಆಗಿದ್ದರೆ ಅದು ಬೆಳಗಾವಿಯಲ್ಲೇ ಇದೆ.

ಯಾಕೆ ಅಂದರೆ, ಡಿಸ್ಚಾರ್ಜ್ ಬುಕ್ ಮೂಲ ದಾಖಲೆ ಅಲ್ಲ. ರೆಕಾರ್ಡ್ ಆಫೀಸಿನಲ್ಲಿರುವ ಸೇವಾ ದಾಖಲೆಯಿಂದ ಇಳಿಸಿಕೊಂಡ ಪ್ರತಿ ಅಷ್ಟೇ. ಮೂಲ ತಿದ್ದದೆ ಪ್ರತಿ ತಿದ್ದಿದರೆ ಬೆಲೆ ಇಲ್ಲ. ದಯವಿಟ್ಟು ಬುಕ್‌ನಲ್ಲಿ ಪೆನ್ನು ಆಡಿಸಬೇಡಿ, ಆಮೇಲೆ ಅದೇ ದೊಡ್ಡ ತೊಂದರೆ ಆಗುತ್ತದೆ.

ನಮ್ಮ ಕಡೆ ಈ ತಪ್ಪು ಜಾಸ್ತಿ. ಮದುವೆಯಲ್ಲಿ ಸೊಸೆಗೆ ಹೊಸ ಹೆಸರು ಇಡುವ ರೂಢಿ ಇದೆ ಅಲ್ವಾ? ಶಾಲೆ ದಾಖಲೆಯಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಗಂಡನ ಮನೆಯ ಹೆಸರು. ಅದರ ಮೇಲೆ ಕನ್ನಡ ಬಾರದ ಗುಮಾಸ್ತರು ಕೇಳಿಸಿದಂತೆ ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ಮಹಾದೇವಿ ಮಾದೇವಿ ಆಗುತ್ತಾಳೆ.

ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಮಾಡಿಸಿ. ಆಧಾರ್, ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಅಂದರೆ ಪಿಪಿಒ, ಇವುಗಳ ಪ್ರತಿ ಜೋಡಿಸಿ ತಂದೆಯವರ ಸಹಿಯೊಂದಿಗೆ ರೆಕಾರ್ಡ್ ಆಫೀಸಿಗೆ ಅರ್ಜಿ ಕಳಿಸಿ. ಸೇವಾ ಸಂಖ್ಯೆ ಬರೆಯಲು ಮರೆಯಬೇಡಿ. ಅರ್ಜಿ ಬರೆಯಲು ಧಾರವಾಡದ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ.

ಬುಕ್ ತಿದ್ದಿದರೆ ಕೆಲಸ ಮುಗಿಯಲಿಲ್ಲ. ಪಿಪಿಒದಲ್ಲೂ ಹೆಸರು ಬದಲಾಗಬೇಕು. ಅದಕ್ಕೆ ಪ್ರಯಾಗರಾಜದ ರಕ್ಷಣಾ ಪಿಂಚಣಿ ಕಚೇರಿಯಿಂದ ತಿದ್ದುಪಡಿ ಆದೇಶ ಬರಬೇಕು. ತಂದೆಯವರು ಇರುವಾಗಲೇ ಇದನ್ನು ಮಾಡಿಸಿ. ಅವರ ನಂತರ ಕುಟುಂಬ ಪಿಂಚಣಿಗೆ ಅವ್ವ ಒಬ್ಬರೇ ಅಲೆಯುವುದು ಬಹಳ ಕಷ್ಟ.