ಜೆಲ್‌ನಲ್ಲಿ ಒಂದೇ ಗೆರೆ ಬಂದರೆ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಹಂಚಿಕೊಂಡು ಬಳಸುವ ಲ್ಯಾಬ್‌ನಿಂದ ಬಂದ ಪ್ರೋಟೀನ್ ಜೆಲ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಗೆರೆಗಳಾಗಿ ಬೇರ್ಪಡಿಸುವ ಪರೀಕ್ಷೆ) ಒಂದೇ ಗೆರೆ ತೋರಿಸುತ್ತದೆ, ಆದರೂ ಒಂದು ಬ್ಯಾಚ್ ಕೆಲಸ ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ. ಯಾಕೆ?

ಆ ಒಂದು ಗೆರೆಯನ್ನು ಜಾಸ್ತಿ ನಂಬಬೇಡಿ. ಜೆಲ್‌ಗೆ ಹಾಕುವ ಮುಂಚೆ ಬೆರೆಸುವ ಎಸ್‌ಡಿಎಸ್ ಎಂಬ ಸಾಬೂನಿನಂಥ ರಾಸಾಯನಿಕ ಪ್ರೋಟೀನಿನ ಮಡಿಕೆಗಳನ್ನೆಲ್ಲ ಬಿಚ್ಚಿಬಿಡುತ್ತದೆ. ಮೊದಲು ಪ್ರೋಟೀನ್ ಅಣುಗಳು ಒಂದಕ್ಕೊಂದು ಅಂಟಿ ಉಂಡೆಗಟ್ಟಿದ್ದರೂ ಜೆಲ್‌ನಲ್ಲಿ ಅದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ನನ್ನ ಮೊದಲ ಅನುಮಾನ ಅದರ ಮೇಲೇ.

ಡಿಎಲ್‌ಎಸ್ (ಚದುರಿದ ಬೆಳಕಿನಿಂದ ಕಣದ ಗಾತ್ರ ಅಳೆಯುವ ಪರೀಕ್ಷೆ) ಮಾಡಿಸಿ, ಕೆಲವೇ ನಿಮಿಷದ ಕೆಲಸ. ಕಣದ ಗಾತ್ರ ಹತ್ತು ಪಟ್ಟಾದರೆ ಅದು ಚದುರಿಸುವ ಬೆಳಕು ಸುಮಾರು 10 ಲಕ್ಷ ಪಟ್ಟಾಗುತ್ತದೆ. ಹಾಗಾಗಿ ಚೂರುಪಾರು ಉಂಡೆಗಳಿದ್ದರೂ ಸಿಕ್ಕಿಬೀಳುತ್ತವೆ. ಎಷ್ಟು ಪಾಲು ಹಾಳಾಗಿದೆ ಅನ್ನುವುದಕ್ಕೆ ಮಾತ್ರ ಜೆಲ್ ಫಿಲ್ಟ್ರೇಷನ್ (ಕಾಲಂ ಎಂಬ ಕೊಳವೆಯಲ್ಲಿ ಹರಿಸಿ ಗಾತ್ರದ ಪ್ರಕಾರ ಬೇರ್ಪಡಿಸುವುದು) ಬೇಕು.

ಜೊತೆಗೆ 260/280 ಅನುಪಾತ (260 ಮತ್ತು 280 ನ್ಯಾನೋಮೀಟರ್ ಬೆಳಕನ್ನು ಸ್ಯಾಂಪಲ್ ಎಷ್ಟೆಷ್ಟು ಹೀರುತ್ತದೆ ಅನ್ನುವುದರ ಅನುಪಾತ) ನೋಡಿ. ಶುದ್ಧ ಪ್ರೋಟೀನಿಗೆ ಸುಮಾರು 0.6 ಇರುತ್ತದೆ. 1ರ ಹತ್ತಿರ ಬಂದರೆ ಡಿಎನ್‌ಎ ಅಥವಾ ಆರ್‌ಎನ್‌ಎ ಅಂಟಿಕೊಂಡಿರಬಹುದು. ಆಗ ನೀವು ಅಳೆದ ಸಾಂದ್ರತೆಯೂ ತಪ್ಪು, ಅಲ್ವಾ? ಗುರುತು, ಅಂದರೆ ಇದು ನಿಮಗೆ ಬೇಕಾದ ಪ್ರೋಟೀನೇ ಅನ್ನುವುದನ್ನು, ಖಚಿತಪಡಿಸಲು ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿ ಒಮ್ಮೆ ಸಾಕು. ಯುರೋಪಿನ ಪ್ರೋಟೀನ್ ಸಂಶೋಧಕರ ಆರ್ಬ್ರೆ-ಮೊಬ್ಯೂ ಮತ್ತು ಪಿ4ಇಯು ಜಾಲಗಳು ಕನಿಷ್ಠ ಪರೀಕ್ಷೆ ಅಂತ ಹೇಳುವುದೂ ಇವನ್ನೇ: ಶುದ್ಧತೆ, ಏಕರೂಪತೆ, ಗುರುತು.

ಇನ್ನು ಹಂಚಿಕೊಂಡ ಲ್ಯಾಬ್‌ನ ತಲೆನೋವು ಬೇರೆ. ನಿಮಗಿಂತ ಮುಂಚೆ ಆ ಕಾಲಂನಲ್ಲಿ ಯಾರು ಏನು ಓಡಿಸಿದರು? ಲಾಗ್ ಪುಸ್ತಕ ಕೇಳಿ ನೋಡಿ. ನಮ್ಮಲ್ಲಿ ಒಮ್ಮೆ ಹಿಂದಿನವರ ಪ್ರೋಟಿಯೇಸ್ (ಪ್ರೋಟೀನನ್ನು ಕತ್ತರಿಸುವ ಕಿಣ್ವ) ಕಾಲಂನಲ್ಲೇ ಉಳಿದು, ನನ್ನ ಪ್ರೋಟೀನನ್ನು ರಾತ್ರೋರಾತ್ರಿ ತಿಂದು ಹಾಕಿತ್ತು. ಅಂದಿನಿಂದ ನನ್ನ ಸ್ಯಾಂಪಲ್‌ಗೆ ಮೊದಲು ಬರೀ ಬಫರ್ (ಪ್ರೋಟೀನ್ ಇಲ್ಲದ ದ್ರಾವಣ) ಓಡಿಸಿ ನೋಡುತ್ತೇನೆ.

ಅಂದಹಾಗೆ, ಆ ಕೆಟ್ಟ ಬ್ಯಾಚನ್ನು ಎಷ್ಟು ಸಲ ಫ್ರೀಜರ್‌ನಿಂದ ತೆಗೆದು ಕರಗಿಸಿದ್ದಿರಿ? ಉಂಡೆಗಟ್ಟಲು ಅದೂ ಕಾರಣವಾಗಬಹುದು.